ದ್ರಾಕ್ಷಿ ಮಂಡಳಿಯ ಕಾಕು

ಕಾಕು ಅವರ ಬಲಗೈ ಮಣಿಕಟ್ಟು ಕೊಂಚ ಹೊರಕ್ಕೆ ತಿರುಗಿತ್ತು. ಚಿಕ್ಕಂದಿನಲ್ಲಿ ಅಟ್ಟದಿಂದ ಬಿದ್ದು ಮುರಿದದ್ದನ್ನು ಊರಿನ ಯಾರೋ ಬಿದಿರ ಪಟ್ಟಿ ಕಟ್ಟಿ ಕೂಡಿಸಿದ್ದರಂತೆ. ಕೂಡಿತು, ಆದರೆ ತನ್ನ ಮನಸ್ಸಿಗೆ ಬಂದ ಹಾಗೆ ಕೂಡಿತು. ಆ ಕೈಯಲ್ಲಿ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದರು, ಬರೆದರೆ ಸಾಲು ಇಳಿಜಾರು ಹಿಡಿಯುತ್ತಿತ್ತು. ಸೌಟು ಹಿಡಿದರೆ ಮಾತ್ರ ಆ ಸೊಟ್ಟ ಕೈ ಬಡಿಸಲಿಕ್ಕೆಂದೇ ಹೇಳಿ ಮಾಡಿಸಿದ ಹಾಗಿರುತ್ತಿತ್ತು. ಹಸಿರು ಬಳೆಗಳನ್ನು ಮೊಣಕೈ ಕಡೆ ಏರಿಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಹನಿ ಎಲೆಯಾಚೆ ಬೀಳದಂತೆ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಹೋಗಿಬಿಡುತ್ತಿದ್ದರು. ರಾಯಚೂರು, ಮಾನ್ವಿ ಕಡೆಯ ವೈಷ್ಣವರ ಮನೆಗಳಲ್ಲಿ ಮದುವೆ, ಮುಂಜಿವೆ ಅಂದರೆ ಅಡಿಗೆಯವರನ್ನು ಗೊತ್ತು ಮಾಡುವ ಮೊದಲು ಕಾಕು ಬರುತ್ತಾರೋ ಇಲ್ಲವೋ ಅಂತ ವಿಚಾರಿಸುತ್ತಿದ್ದರು.

ಅವರು ನನಗೆ ಸಂಬಂಧಿಕರೇನಲ್ಲ. ನಾನು ದೇವದುರ್ಗದ ಲಿಂಗಾಯತರ ಹುಡುಗಿ. ರಾಯಚೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುವಾಗ ಅವರ ಯಜಮಾನರು ನಮಗೆ ಕೆಮಿಸ್ಟ್ರಿ ಕಲಿಸುತ್ತಿದ್ದರು. ಹಬ್ಬಕ್ಕೆ ಊರಿಗೆ ಹೋಗದೆ ಉಳಿದ ಹುಡುಗಿಯರಿಗೆಲ್ಲ ಅವರ ಮನೆಯಲ್ಲಿ ಊಟ. ಚಿಕ್ಕಪ್ಪ, ಚಿಕ್ಕಮ್ಮ ಅನ್ನುವಂತೆ ಅವರನ್ನು ಕಾಕಾ, ಕಾಕು ಅನ್ನುವ ರೂಢಿ ನಮಗಿಂತ ಮೊದಲೇ ಹಾಸ್ಟೆಲಿನಲ್ಲಿ ಇತ್ತು. ಒಳಗಿನ ಮಡಿಯ ಪಂಕ್ತಿ ಬೇರೆ, ನಮ್ಮದು ಪಡಸಾಲೆಯಲ್ಲಿ. ಇದು ನನಗೆ ಆಗಲೂ ಸರಿ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಆದರೆ ಎರಡೂ ಕಡೆ ಬಡಿಸುವ ಕೈ ಒಂದೇ ಆಗಿತ್ತು, ಒತ್ತಾಯವೂ ಅಷ್ಟೇ ಆಗಿತ್ತು.

ಆ ಒತ್ತಾಯದ ಬಗ್ಗೆ ಹೇಳದಿದ್ದರೆ ಕಾಕು ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಗಂಡನನ್ನು ಅವರ ಮನೆಗೆ ಊಟಕ್ಕೆ ಕರೆದುಕೊಂಡು ಹೋಗಿದ್ದೆ. ಇವರು ಮಾನ್ವಿಯವರು, ದನದ ಡಾಕ್ಟರು, ಎತ್ತಿನ ಮುಂದೆ ಹೆದರದ ಮನುಷ್ಯ. ಮೂರನೆಯ ಹೋಳಿಗೆಗೆ "ಸಾಕ್ರೀ, ಬ್ಯಾಡ್ರೀ" ಎಂದು ಎಲೆಯ ಮೇಲೆ ಎರಡೂ ಕೈ ಹರಡಿ ಕೂತರು. ಕಾಕು ನಗಲೂ ಇಲ್ಲ, ನಿಲ್ಲಲೂ ಇಲ್ಲ, ಬೆರಳ ಸಂದಿಯಿಂದಲೇ ತುಪ್ಪ ಬಿಟ್ಟರು. ಇವರು ಬೆಚ್ಚಿ ಕೈ ತೆಗೆದದ್ದೇ ತಡ, ಹೋಳಿಗೆ ಬಿತ್ತು.

"ಬ್ಯಾಡ ಅನ್ನೋದು ಬಾಯಿ," ಎಂದರು ಕಾಕು. "ಹೊಟ್ಟಿ ಇನ್ನೂ ಏನೂ ಅಂದಿಲ್ಲಲ್ಲ."

ನಿವೃತ್ತರಾದ ಮೇಲೆ ಕಾಕಾಗೆ ವೈನಿನ ಹುಚ್ಚು ಹಿಡಿಯಿತು. ಕುಡಿತದ ಹುಚ್ಚಲ್ಲ, ಆಣೆ ಮಾಡಿ ಹೇಳುತ್ತೇನೆ. ದ್ರಾಕ್ಷಿ ಹುಳಿತು ಮತ್ತೇನೋ ಆಗುವ ಆ ರಸಾಯನದ ಹುಚ್ಚು. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದದ್ದನ್ನು ಈಗ ನಾಲಿಗೆಯ ಮೇಲೆ ನೋಡುತ್ತೇನೆ ಅನ್ನುತ್ತಿದ್ದರು. ಮಾನ್ವಿಯ ಅಕ್ಕಿ ಗಿರಣಿಯ ಸಾವ್ಕಾರರು, ನನ್ನ ಗಂಡ, ರಾಯಚೂರಿನ ಇನ್ನಿಬ್ಬರು ಸ್ನೇಹಿತರು ಸೇರಿ ಒಂದು ಮಂಡಳಿಯಾಯಿತು. ಕಾಕಾಗೆ ಗೊತ್ತಿದ್ದದ್ದು ಭಜನಾ ಮಂಡಳಿಯೊಂದೇ, ಹಾಗಾಗಿ ದ್ರಾಕ್ಷಿ ಮಂಡಳಿಯೂ ಅದೇ ಶಿಸ್ತಿನಲ್ಲಿ ನಡೆಯಿತು. ತಿಂಗಳಿಗೊಮ್ಮೆ ಮಾಳಿಗೆಯ ಮೇಲೆ ಜಮಖಾನ ಹಾಸುವುದು, ಹಿರಿಯರು ಶುರು ಮಾಡದೆ ಯಾರೂ ಬಟ್ಟಲು ಮುಟ್ಟದಿರುವುದು, ಹಾಕಿದ್ದನ್ನು ಬಿಡದಿರುವುದು, ಹಿರಿಯರು ಏಳದೆ ಯಾರೂ ಏಳದಿರುವುದು. ಮೊದಲು ಮೂಸಿ ನೋಡಿ ಏನನ್ನಿಸಿತು ಅಂತ ಹೇಳಬೇಕು. ಒಬ್ಬರು ನೇರಳೆ ಅನ್ನುವರು, ಒಬ್ಬರು ಹಳೆ ಬೆಲ್ಲ ಅನ್ನುವರು. ಸಾವ್ಕಾರರು ಎಲ್ಲದಕ್ಕೂ "ಚಲೋ ಅದರೀ" ಅನ್ನುವರು.

ಕಾಕು ಇದಕ್ಕೆ ಜಗಳವಾಡಲಿಲ್ಲ, ಗಡಿ ಹಾಕಿದರು. "ಮಾಳಿಗಿ ನಿಮ್ಮದು, ಮನಿ ನಂದು. ಅದರ ಬಾಟ್ಲಿ ನನ್ನ ಒಲಿ ಕಡೆ ಮುಖ ಮಾಡಬಾರ್ದು." ಮೆಟ್ಟಿಲು ಹೊರಗಿನಿಂದಲೇ ಇದ್ದದ್ದು ಅನುಕೂಲವಾಯಿತು. ಅವರು ಒಮ್ಮೆಯೂ ಮೇಲೆ ಹತ್ತಲಿಲ್ಲ, ಆದರೆ ಮಂಡಳಿಯವರು ಬರೀ ಹೊಟ್ಟೆಯಲ್ಲಿ ಕೂತದ್ದೂ ಇಲ್ಲ. ಮಿರ್ಚಿ, ಮಂಡಕ್ಕಿ ಒಗ್ಗರಣೆ, ಹುರಿದ ಶೇಂಗಾ ತಟ್ಟೆ ತಟ್ಟೆಯಾಗಿ ಮೆಟ್ಟಿಲ ಬುಡದಿಂದ ಮೇಲೆ ಹೋಗುತ್ತಿದ್ದವು. ತಟ್ಟೆ ಪೂರ್ತಿ ಖಾಲಿಯಾಗದೆ ಕೆಳಗೆ ಬಂದರೆ ಹಾಗೇ ವಾಪಸು ಹೋಗುತ್ತಿತ್ತು. ವೈನಿನಿಂದ ಅಲ್ಲ, ಮಿರ್ಚಿಯಿಂದ ಆ ಐದೂ ಗಂಡಸರಿಗೆ ಹೊಟ್ಟೆ ಬಂತು.

ಹೀಗಿರುವಾಗ ಕಾಕಾಗೆ ಎದೆನೋವು ಬಂತು. ಅವರನ್ನೂ ಕಾಕುವನ್ನೂ ಹೈದರಾಬಾದಿಗೆ ಕಾರಿನಲ್ಲಿ ಕರೆದುಕೊಂಡು ಹೋದವರು ನಾನು, ನನ್ನ ಗಂಡ ಇಬ್ಬರೇ. ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಕುಡಿಯಲೇಬೇಕೆಂದರೆ ದಿನಕ್ಕೆ ಒಂದು ಸಣ್ಣ ಬಟ್ಟಲು, ಅದರ ಮೇಲೆ ಹೋದರೆ ಜವಾಬ್ದಾರಿ ತಮ್ಮದಲ್ಲ ಎಂದು ಡಾಕ್ಟರು ಕಾಕು ಮುಖ ನೋಡಿಯೇ ಹೇಳಿದರು. ಮಂಡಳಿಯ ಉಳಿದವರಿಗೆ ಕಾಕಾ "ಗ್ಯಾಸ್ ಆಗಿತ್ತು" ಎಂದು ತಿಳಿಸಿದರು. ರೋಗಿ ಅನ್ನಿಸಿಕೊಳ್ಳುವುದೆಂದರೆ ಅವರಿಗೆ ರೋಗಕ್ಕಿಂತ ಕಷ್ಟ.

ಜಾರ್ಜಿಯಾ ಎಂಬ ದೇಶಕ್ಕೆ ಹೋಗುವ ಮಾತು ಎದ್ದದ್ದು ಅದರ ಮರುವರ್ಷ. ಅಲ್ಲಿ ಮನೆಮನೆಯಲ್ಲೂ ವೈನು ಮಾಡುತ್ತಾರೆ, ಮಣ್ಣಿನ ಹರವಿಗಳನ್ನು ನೆಲದಲ್ಲಿ ಹುಗಿದು ಅದರಲ್ಲಿ ಮಾಗಿಸುತ್ತಾರೆ ಎಂದು ಕಾಕಾ ಬಹಳ ವರ್ಷಗಳಿಂದ ಕನವರಿಸುತ್ತಿದ್ದರು. ಶುಕ್ರವಾರ ಹೊರಟು ಸೋಮವಾರ ವಾಪಸು, ಹೆಂಡಂದಿರೂ ಜೊತೆಗೆ ಎಂದು ನಿಶ್ಚಯವಾಯಿತು. ಕಾಕಾನ ಮಗ ಬೇಡವೇ ಬೇಡ ಎಂದ. ಆಗ ಕಾಕು ಆಡಿದ ಮಾತು ನನಗೆ ಇನ್ನೂ ನೆನಪಿದೆ.

"ಹೋಗ್ಲಿ ಬಿಡೊ. ಆಸೆ ಒಳಗ ಇಟ್ಕೊಂಡು ಕೂತ್ರ ಅದೂ ಎದಿಗೇ ಬರ್ತದ. ನಾನೂ ಜೋಡಿ ಹೋಗ್ತೀನಿ."

ಹೈದರಾಬಾದಿನ ವಿಮಾನ ನಿಲ್ದಾಣಕ್ಕೆ ಹೋಗುವ ವ್ಯಾನಿನಲ್ಲಿ ಅವರು ನನ್ನ ಪಕ್ಕ ಕೂತಿದ್ದರು. ತೊಡೆಯ ಮೇಲೆ ಅವಲಕ್ಕಿ, ಚಟ್ನಿಪುಡಿ, ಅಡಿಕೆಯಷ್ಟು ಸಣ್ಣ ಉಂಡೆಗಳ ಚೀಲ. ಗಂಡಸರು ಹಿಂದೆ ಹಾಡು ಹಚ್ಚಿದ್ದರು. ಕಾಕು ನನ್ನ ಕಿವಿಯ ಹತ್ತಿರ ಬಗ್ಗಿದರು.

"ನನಗ ಆ ದೇಶದಾಗ ಏನ್ ನೋಡೋದದನವ್ವ. ಇವರನ್ನ ಹೆಂಗ ಕರ್ಕೊಂಡು ಹೊಂಟೀನಿ, ಹಂಗ ತಿರುಗಿ ಮನಿಗೆ ತಂದು ಬಿಟ್ರ ಆತು. ದಿನಕ್ಕ ಒಂದ ಬಟ್ಲು ಅಂತ ದೇವರ ಮುಂದ ಒಪ್ಪಿಸೀನಿ. ಆದರ ಮಂದಿ ಮುಂದ ಬಾಯಿ ಬಿಡಬ್ಯಾಡ ಅಂತ ನನ್ನ ಕಡಿಂದನೂ ಮಾತು ತಗೊಂಡಾರ. ನೀನೂ ಒಂದ್ ಕಣ್ಣಿಟ್ಟಿರು."

ಅವರ ಧ್ವನಿಯಲ್ಲಿ ಹೆದರಿಕೆ ಇತ್ತು. ಅಷ್ಟು ವರ್ಷಗಳಲ್ಲಿ ಅದನ್ನು ನಾನು ಕೇಳಿದ್ದು ಅದೊಂದೇ ಸಲ.

ಮೊದಲ ದಿನ ರಾಜಧಾನಿಯಲ್ಲಿ ಸುಸೂತ್ರವಾಗಿ ಕಳೆಯಿತು. ಅಂಗಡಿಯಲ್ಲಿ ರುಚಿಗೆಂದು ಕೊಟ್ಟದ್ದು ಒಂದೊಂದು ಗುಟುಕು; ಕಾಕಾ ಅದನ್ನೇ ಅರ್ಧ ತಾಸು ಮೂಸಿದರು. ಕಾಕು ಸಂತೆಯಲ್ಲಿ ಕೊತ್ತಂಬರಿ ಕಂಡು ಖುಷಿಪಟ್ಟರು. "ಇಲ್ಲೂ ಕೊತ್ತಂಬರಿ ಅದನಲ" ಎಂದು ಒಂದು ಕಟ್ಟು ಕೊಂಡು, ಮಾಡುವುದಕ್ಕೆ ಒಲೆಯಿಲ್ಲದೆ, ಸುಮ್ಮನೆ ಕೈಯಲ್ಲಿ ಹಿಡಿದು ಊರೆಲ್ಲ ತಿರುಗಿದರು. ಇಳಕಲ್ ಸೀರೆಯ ಕಚ್ಚೆ ನೋಡಿ ಅಲ್ಲಿಯ ಹೆಂಗಸರು ಫೋಟೋ ಕೇಳಿದರೆ ಒಬ್ಬರಿಗೂ ಇಲ್ಲ ಅನ್ನಲಿಲ್ಲ. ಅವರು ಅಷ್ಟು ಸಲೀಸಾಗಿ ತಿರುಗಾಡಿದ್ದನ್ನು ರಾಯಚೂರಿನಲ್ಲೂ ನಾನು ನೋಡಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಒಂದು ಹಳ್ಳಿಯಲ್ಲಿ ವೈನು ಮಾಡುವವರ ಮನೆಯಲ್ಲಿ ಊಟ. ಯಜಮಾನರು ದೊಡ್ಡ ಮೀಸೆಯ, ದೊಡ್ಡ ಗಂಟಲಿನ ಆಳು. ನೆಲಕ್ಕೆ ಸಮನಾಗಿ ಹುಗಿದ ಹರವಿಗಳ ಬಾಯಿ ತೆಗೆದು ತೋರಿಸಿದರು. ಸಾವ್ಕಾರರು ಬಗ್ಗಿ ನೋಡಿ, "ನಮ್ಮ ಹಗೇವು ಇದ್ದಂಗ ಅದಲ್ರೀ ಸರ್. ನಾವು ಜ್ವಾಳ ಹುಗಿತಿದ್ವಿ, ಇವರು ಇದನ್ನ ಹುಗಿದಾರ" ಎಂದರು. ಮಂಡಳಿ ಶುರುವಾದ ಮೇಲೆ ಅವರು "ಚಲೋ ಅದರೀ" ಬಿಟ್ಟು ಬೇರೆ ಮಾತಾಡಿದ್ದು ಅದೇ ಮೊದಲೆಂದು ಕಾಕಾ ಅವರ ಬೆನ್ನು ತಟ್ಟಿದರು. ದ್ರಾಕ್ಷಿ ಚಪ್ಪರದ ಕೆಳಗೆ ಉದ್ದನೆಯ ಮೇಜು ಹಾಕಿದ್ದರು. ಕಾಕು ನನ್ನ ಮತ್ತು ಕಾಕಾನ ನಡುವೆ ಕೂತರು. ನಾನು, ಸಾವ್ಕಾರರು, ಕಾಕು ಎಲ್ಲ ಒಂದೇ ಸಾಲಿನಲ್ಲಿ ಊಟಕ್ಕೆ ಕೂತದ್ದು ಆ ಪರದೇಶದಲ್ಲೇ ಮೊದಲ ಸಲ. ಅವರ ಮುಂದೆ ದ್ರಾಕ್ಷಿ, ಅಕ್ರೋಟು, ಜೇನುತುಪ್ಪ, ಮತ್ತು ತಮ್ಮದೇ ಅವಲಕ್ಕಿ.

ಅಲ್ಲಿಯ ಪದ್ಧತಿ ಹೀಗೆ: ಯಜಮಾನರು ಎದ್ದು ನಿಂತು ನಾಲ್ಕು ಮಾತಾಡುತ್ತಾರೆ. ನೆಲದ ಬಗ್ಗೆ, ಮಕ್ಕಳ ಬಗ್ಗೆ, ಬಂದ ನೆಂಟರ ಬಗ್ಗೆ. ಮಾತು ಮುಗಿದ ಮೇಲೆ ಎಲ್ಲರೂ ಮಣ್ಣಿನ ಬಟ್ಟಲನ್ನು ಪೂರ್ತಿ ಬರಿದು ಮಾಡಬೇಕು. ಬರಿದಾದ ಬಟ್ಟಲನ್ನು ಯಜಮಾನರ ವಯಸ್ಸಾದ ತಾಯಿ ಹೂಜಿ ಹಿಡಿದು ಬಂದು ಮತ್ತೆ ತುಂಬುತ್ತಾರೆ. ಇನ್ನು ಸಾಕು ಅನ್ನುವವರು ಬಟ್ಟಲನ್ನು ತುಂಬಿದ್ದು ತುಂಬಿದ ಹಾಗೇ ಬಿಡಬೇಕಂತೆ, ಅದೇ ಗುರುತಂತೆ. ಇದನ್ನು ಜೊತೆಗೆ ಬಂದ ಗೈಡ್ ಹೆಂಗಸು ನನಗೆ ಇಂಗ್ಲಿಷಿನಲ್ಲಿ ಹೇಳಿದಳು, ನಾನು ನಮ್ಮ ಸಾಲಿಗೆ ಕನ್ನಡದಲ್ಲಿ ಹೇಳಿದೆ.

"ಹಾಕಿದ್ದು ಬಿಟ್ಟು ಏಳೋದೇನ್ರೀ ಯಕ್ಕಾ?" ಎಂದರು ಸಾವ್ಕಾರರು. "ಹಾಕಿದೋರಿಗೆ ಎಷ್ಟು ಬ್ಯಾಸರ ಆಗಬ್ಯಾಡ."

ಅಲ್ಲಿಗೆ ಸಿಕ್ಕಿಕೊಂಡೆವು. ಹಾಕಿದ್ದನ್ನು ಬಿಡಬಾರದೆಂದು ನಮ್ಮವರು ಬರಿದು ಮಾಡುವುದು, ಬರಿದಾಯಿತೆಂದು ಅವರು ತುಂಬುವುದು. ಹಿರಿಯರು ಏಳದೆ ನಮ್ಮವರು ಏಳುವುದಿಲ್ಲ. ನಮ್ಮ ಹಿರಿಯರಾದ ಕಾಕಾ ಮನೆಯವರು ಏಳದೆ ಏಳುವುದಿಲ್ಲ. ಮನೆಯವರೋ, ನೆಂಟರು ತುಂಬಿದ ಬಟ್ಟಲು ಬಿಡುವ ತನಕ ಏಳುವುದಿಲ್ಲ. ದೇವರೇ ಬಂದರೂ ಆ ಪಂಕ್ತಿ ಮುಗಿಯುವ ಹಾಗಿರಲಿಲ್ಲ. ಮೊದಲು ನನಗೆ ನಗು ತಡೆಯಲಾಗಲಿಲ್ಲ.

ಕಾಕಾ ಎರಡನೆಯ ಬಟ್ಟಲನ್ನೂ ಬರಿದು ಮಾಡಿದಾಗ ನಗು ನಿಂತಿತು. ಅದು ಸಣ್ಣ ಬಟ್ಟಲೇನಲ್ಲ. ಅವರ ಹಣೆಯ ಮೇಲೆ ಬೆವರು ಮೂಡಿತ್ತು. ಕಾಕು ತಮ್ಮ ಅಂಗೈಯನ್ನು ಗಂಡನ ಬಟ್ಟಲಿನ ಮೇಲೆ ಮುಚ್ಚಿ ಹಿಡಿದು ನನಗೆ ಹೇಳಿದರು, "ಇವರಿಗೆ ಸಾಕಂತ ಹೇಳವ್ವ ಆ ಯಜಮಾನರಿಗೆ."

ನಾನು ಗೈಡಿಗೆ ಹೇಳಿದೆ, ಗೈಡು ಅವರಿಗೆ ಹೇಳಿದಳು. ಯಜಮಾನರು ಎದೆಯ ಮೇಲೆ ಕೈಯಿಟ್ಟು ಕಾಕುಗೆ ತಲೆ ಬಾಗಿಸಿ, ನಗುತ್ತ ಏನೋ ಅಂದರು. ಅದು ಇಂಗ್ಲಿಷಿಗೆ ಬಂದು ನನ್ನ ತನಕ ಬರುವಷ್ಟರಲ್ಲಿ ನನಗೆ ಅದನ್ನು ಕಾಕುಗೆ ಹೇಗೆ ಹೇಳಲಿ ಅನ್ನಿಸಿತು.

"ಸಾಕು ಅನ್ನೋದು ಬಂದವರ ಧರ್ಮ ಅಂತ, ಕಾಕು. ಅದನ್ನ ಕಿವಿಮ್ಯಾಲೆ ಹಾಕ್ಕೊಳ್ಳದಿರೋದು ತಮ್ಮ ಧರ್ಮ ಅಂತ."

ಕಾಕು ಆ ಮೀಸೆಯ ಮನುಷ್ಯನ ಕಡೆ ತಿರುಗಿದರು. "ಥೇಟ್ ನನ್ಹಂಗ ಮಾತಾಡ್ತಾನಲ್ಲ ಇಂವ" ಎಂದು ಮೆಲ್ಲಗೆ ಅಂದರು.

ಜನ್ಮವಿಡೀ ಯಾರ 'ಬೇಡ'ವನ್ನೂ ಒಪ್ಪದ ಹೆಂಗಸು ಈಗ ಒಂದೇ ಒಂದು ಬೇಡವನ್ನು ಇನ್ನೊಬ್ಬರಿಂದ ಒಪ್ಪಿಸಬೇಕಾಗಿತ್ತು. ಕಾರಣ ಹೇಳಿದರೆ ಮುಗಿಯಿತು. ಗುಂಡಿಗೆಗೆ ಸ್ಟೆಂಟ್ ಹಾಕಿದೆ ಅಂದರೆ ಯಾವ ದೇಶದವನಾದರೂ ಕೈ ತೆಗೆಯುತ್ತಾನೆ. ಆದರೆ ಮಾತು ಕೊಟ್ಟಿದ್ದರು. ನಾನೇ ಹೇಳಿಬಿಡೋಣವೆಂದು ಬಾಯಿ ತೆರೆದರೆ ಕಾಕಾ ನನ್ನನ್ನು ಕಾಲೇಜಿನಲ್ಲಿ ನೋಡುತ್ತಿದ್ದ ಹಾಗೆ ನೋಡಿದರು, ಬಾಯಿ ಮುಚ್ಚಿಕೊಂಡಿತು. ನನ್ನ ಗಂಡನ ಕಡೆ ತಿರುಗಿದೆ. ಅವರು ಗೈಡಿಗೆ ಎಮ್ಮೆಯ ಹೆರಿಗೆ ವಿವರಿಸುತ್ತಿದ್ದರು. ಅತ್ತ ಯಜಮಾನರು ಮೂರನೆಯ ಮಾತಿಗೆ ಎದ್ದು ನಿಂತಾಗಿತ್ತು. ತೀರಿಹೋದ ಹಿರಿಯರ ಹೆಸರಿನಲ್ಲಿ ಎಂದಳು ಗೈಡು.

"ಸತ್ತ ಹಿರೇರ ಹೆಸರಿಂದು," ಎಂದು ಸಾವ್ಕಾರರು ಕಣ್ಣೊರೆಸಿಕೊಂಡರು. "ಇದನ್ನಂತೂ ಬಿಡಂಗಿಲ್ರೀ ಸರ್." ಕಾಕಾ ತಲೆಯಾಡಿಸಿದರು. ಹೂಜಿ ಸಾಲಿನ ಆ ತುದಿಯಿಂದ ಹೊರಟಿತು.

ಕಾಕು ಎದ್ದರು. ಬಳೆಗಳನ್ನು ಮೇಲೇರಿಸಿದರು, ಸೆರಗು ಸಿಕ್ಕಿಸಿದರು, ನೇರ ಆ ಮುದುಕಿಯ ಹತ್ತಿರ ಹೋಗಿ ಕೈ ಚಾಚಿದರು. "ಕೊಡ್ರೀ ಯವ್ವಾ. ನಿಮಗ ವಯಸ್ಸಾಗ್ಯದ, ನೀವು ಕೂಡ್ರಿ." ಕನ್ನಡದಲ್ಲೇ ಹೇಳಿದ್ದು. ಆ ತಾಯಿಗೆ ಏನು ತಿಳಿಯಿತೋ, ಹೂಜಿ ಕೊಟ್ಟು ಪಕ್ಕದ ಕುರ್ಚಿಯಲ್ಲಿ ಕೂತು ಕಾಲು ಚಾಚಿಕೊಂಡರು.

ಬಾಟಲಿಯ ನೆರಳು ಒಲೆಗೆ ತಾಕಗೊಡದ ಕಾಕು ಕೈಯಲ್ಲಿ ವೈನಿನ ಹೂಜಿ. ಕಾಕಾ ಅರ್ಧ ಎದ್ದವರು ಹಾಗೇ ಕೂತರು. ಕಾಕು ಯಾರ ಮುಖವನ್ನೂ ನೋಡದೆ ತುದಿಯಿಂದ ಬಡಿಸುತ್ತ ಬಂದರು. ಸಾವ್ಕಾರರಿಗೆ ಅಂಚಿನವರೆಗೆ ಸುರಿದು, "ಹಿರೇರ ಹೆಸರಿಂದು, ತುಸು ಮುಂದಾಗ್ಲಿ" ಎಂದು ಮತ್ತೊಂದು ಧಾರೆ ಬಿಟ್ಟರು. ನನ್ನ ಗಂಡನಿಗೂ ಹಾಗೇ. ಕಾಕಾನ ಮುಂದೆ ಬಂದಾಗ ಎಡಗೈಯಿಂದ ಬಟ್ಟಲನ್ನು ಎತ್ತಿ ಅಂಗೈಯಲ್ಲಿ ಹುದುಗಿಸಿಕೊಂಡರು. ಬಲಗೈ ಮೇಲೆ ಹೋಯಿತು, ಹೂಜಿ ಪೂರ್ತಿ ಬಗ್ಗಿತು, ನೋಡುವವರಿಗೆ ಧಾರಾಳ ಅಂದರೆ ಇದೇ ಅನ್ನಿಸಬೇಕು. ಆ ಸೊಟ್ಟ ಮಣಿಕಟ್ಟು ಒಳಗೊಳಗೇ ಎಲ್ಲಿ ತಡೆಯಿತೋ, ಬಟ್ಟಲು ಮೇಜಿಗೆ ಇಳಿದಾಗ ಪಕ್ಕದಲ್ಲಿದ್ದ ನನಗೆ ಅದರ ತಳದ ಮಣ್ಣು ಕಾಣುತ್ತಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡೆ. ಕಾಕಾ ಬಟ್ಟಲೆತ್ತಿ, ಎಲ್ಲರ ಜೊತೆ ಕತ್ತು ಹಿಂದಕ್ಕೆ ಬಾಗಿಸಿ, ಪೂರ್ತಿ ಕುಡಿದು ಕೆಳಗಿಟ್ಟರು.

ಆಮೇಲೆ ಕಾಕು ಯಜಮಾನರ ಹತ್ತಿರ ಹೋದರು. ಹೂಜಿ ಈಗ ನೆಂಟರ ಕೈಯಲ್ಲಿ, ಮನೆಯ ಯಜಮಾನ ಕುಡಿಯುವವನಾದ. ಕಾಕು ಅವರಿಗೆ ಒಂದಾದ ಮೇಲೊಂದು ತುಂಬಿದರು. ಕೊನೆಗೆ ಆ ದೊಡ್ಡ ಮನುಷ್ಯನೇ ಬಟ್ಟಲಿನ ಮೇಲೆ ಅಂಗೈ ಮುಚ್ಚಿ ಏನೋ ಅಂದ. ಸಾಕು ಅಂತಲೇ ಇರಬೇಕು. ಕಾಕು ಬೆರಳ ಸಂದಿಯಿಂದಲೇ ಸುರಿದರು. ಅವರ ತಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೂಜಿಯನ್ನು ಠಕ್ಕನೆ ಮೇಜಿನ ಮೇಲಿಟ್ಟು ಕಾಕು ನಮ್ಮ ಕಡೆ ತಿರುಗಿ, ಮದುವೆ ಪಂಕ್ತಿಗೆ ಹೇಳುವ ಅದೇ ಗತ್ತಿನಲ್ಲಿ ಹೇಳಿದರು: "ಆತು. ಏಳ್ರಿ ಇನ್ನ, ಕೈ ತೊಳೀರಿ."

ಬಡಿಸುವವರು ಏಳಿ ಅಂದ ಮೇಲೆ ಕೂತಿರುವ ಗಂಡಸು ನಮ್ಮ ಕಡೆ ಹುಟ್ಟಿಲ್ಲ. ಐವರೂ ಒಟ್ಟಿಗೆ ಎದ್ದರು.

ಅವರ ನಲ್ಲಿಯಲ್ಲಿ ಕಾಕು ಮೊಣಕೈವರೆಗೆ ಕೈ ತೊಳೆದದ್ದೇ ತೊಳೆದದ್ದು. ನಾನು ಟವೆಲು ಹಿಡಿದು ನಿಂತಿದ್ದೆ. "ಊರಿಗೆ ಹೋಗಿ ಪಂಚಗವ್ಯ ತಗೊಂಡ್ರ ಆತು ಬಿಡು" ಎಂದರು. ಮುಖದಲ್ಲಿ ಅದರ ಚಿಂತೆಯೇನೂ ಇರಲಿಲ್ಲ. ನಾನು ಕೇಳಿದೆ, "ಕಾಕು, ಹಂಗ ಕೈ ತಡಿಯೋದು ಯಾವಾಗ ಕಲ್ತ್ರಿ?"

"ಇದೇನು ಹೊಸಾದು?" ಎಂದರು. "ಎಲ್ಲಾರಿಗೂ ಒಂದ ಸಮ ಹಾಕಿದ್ರ ಅರ್ಧ ಊರು ಹಾಸಿಗಿ ಹಿಡಿತಿತ್ತು. ಸಕ್ಕರಿ ಬ್ಯಾನಿ ಇದ್ದವರಿಗೆ ಹೋಳಿಗಿ ಬಾಯಿಲೆ ಎರಡು ಅನ್ನೋದು, ಅರ್ಧ ಮಡಚಿ ಹಾಕೋದು. ಕಡಿಮಿ ಹಾಕಿದ್ದು ಪಂಕ್ತಿಗೆ ತಿಳೀಬಾರ್ದು. ಉಂಡವರಿಗಂತೂ ತಿಳೀಲೇಬಾರ್ದು, ಮನಸು ಸಣ್ಣದಾಗ್ತದ."

ನಾನು ಅಲ್ಲೇ ನಿಂತುಬಿಟ್ಟೆ. ಕಾಲೇಜಿನಲ್ಲಿ ಎರಡನೆಯ ವರ್ಷ ನನಗೆ ಕಾಮಾಲೆಯಾಗಿತ್ತು. ಎದ್ದು ಓಡಾಡುವಂತಾದ ಮೇಲೆ ಯುಗಾದಿಗೆ ಅವರ ಮನೆಗೆ ಹೋಗಿದ್ದೆ. ಎಲ್ಲ ಹುಡುಗಿಯರ ಜೊತೆ ನನಗೂ ತುಪ್ಪದ ಮಿಳ್ಳಿ ಬಗ್ಗಿತ್ತು, ಒತ್ತಾಯವೂ ಆಗಿತ್ತು. ಹಬ್ಬದೂಟ ಉಂಡೆನೆಂದು ಖುಷಿಯಲ್ಲಿ ಹಾಸ್ಟೆಲಿಗೆ ಬಂದು ಮಲಗಿದ್ದೆ. ಆ ದಿನ ನನ್ನ ಎಲೆಗೆ ತುಪ್ಪ ಬಿದ್ದಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಈಗ ದೇವದುರ್ಗದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಕಲಿಕೆಯಲ್ಲಿ ಹಿಂದಿರುವವರಿಗೆ ಸುಲಭದ ಪ್ರಶ್ನೆ ಕೇಳುವಾಗ, ಅದು ಸುಲಭದ್ದೆಂದು ತರಗತಿಗೆ ತಿಳಿಯದ ಹಾಗೆ ಕೇಳಲು ಒದ್ದಾಡುತ್ತೇನೆ. ಒಮ್ಮೊಮ್ಮೆ ಸಾಧ್ಯವಾಗುತ್ತದೆ. ಅದು ಕಾಕು ಹಾಕಿಕೊಟ್ಟ ಮೇಲ್ಪಂಕ್ತಿ.

ಕಾಕಾನನ್ನು ಹೇಗೆ ಕರೆದುಕೊಂಡು ಹೋಗಿದ್ದರೋ ಹಾಗೇ ಮನೆಗೆ ತಂದರು. ಮಾಳಿಗೆಯ ಮೇಲೆ ಮಂಡಳಿ ಮತ್ತೆ ಸೇರಿತು, ಕೆಳಗಿನಿಂದ ಮಿರ್ಚಿ ಹೋಯಿತು. ಕಾಕು ಮಾತ್ರ ಆಗಲೂ ಮೇಲೆ ಹತ್ತಲಿಲ್ಲ. ಅದಕ್ಕೇನು, ಅವರ ಗಡಿ ಅವರಿಗೆ.

ಮರುವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಎಲ್ಲರಿಗೂ ಬಡಿಸಿ, ತಾವೂ ಉಂಡು, "ತುಸು ಅಡ್ಡಾಗ್ತೀನಿ" ಎಂದು ಒರಗಿದವರು ಏಳಲಿಲ್ಲ. ಗಂಡನ ಎದೆ ಕಾಯುತ್ತ ಕಾಯುತ್ತ ತಮ್ಮದನ್ನು ಒಬ್ಬರಿಗೂ ತೋರಿಸಿರಲಿಲ್ಲ. ದೇವದುರ್ಗದಿಂದ ರಾಯಚೂರಿನವರೆಗೆ ನಾನು ಬಸ್ಸಿನಲ್ಲಿ ಅತ್ತೆ, ನನ್ನ ಸ್ವಂತ ತಾಯಿಗೆ ಅತ್ತಷ್ಟೇ ಅತ್ತೆ.

ವರ್ಷ ಕಳೆದ ಮೇಲೆ ಕಾಕಾನೇ ಮಂಡಳಿ ಕರೆದರು. ಈ ಸಲ ನನಗೂ ಮಾಳಿಗೆಯ ಮೇಲೆ ಕರೆ ಬಂತು. ಮಗ ಸೊಸೆ ಕೆಳಗಿನಿಂದ ತಿಂಡಿ ಕಳಿಸಿದರು. ಕಾಕಾ ತಾವೇ ಎದ್ದು ಎಲ್ಲರ ಬಟ್ಟಲಿಗೆ ಹಾಕಿದರು, ಬಡಿಸಿ ರೂಢಿಯಿಲ್ಲದ ಕೈ, ಒಂದಿಷ್ಟು ಜಮಖಾನದ ಮೇಲೂ ಬಿತ್ತು. ತಮಗೆ ಹಾಕಿಕೊಳ್ಳಲಿಲ್ಲ. ಸುತ್ತಿ ಬಳಸದೆ ಎದೆಯ ಸಂಗತಿಯನ್ನೆಲ್ಲ ಮಂಡಳಿಗೆ ಹೇಳಿದರು.

"ಆ ದಿವಸ ಆಕಿ ನನಗ ಹಾಕಿದ್ದು ಒಂದ್ ಹನಿ," ಎಂದರು. "ಬಟ್ಲು ಎತ್ತಿದ ಕೂಡ್ಲೆ ಗೊತ್ತಾತು. ತುಂಬ್ಯದ ಅನ್ನೋಹಂಗ ಕುಡದೆ. ಹಾಕಿದಾಕಿ ಮನಸು ಸಣ್ಣದಾಗಬಾರ್ದಲ್ಲ."

ಸಾವ್ಕಾರರಿಗೆ ತಡೆಯಲಾಗಲಿಲ್ಲ. ಬಾಟಲಿ ಹಿಡಿದು ಮುಂದೆ ಬಾಗಿದರು. "ಒಂದ ಒಂದ್ ಗುಟುಕ್ರೀ ಸರ್. ಡಾಕ್ಟರ್ ಅಷ್ಟು ಬಿಟ್ಟಾರಲ್ರೀ."

"ತಡಿಯೋರು ಇದ್ದಾಗ ಕುಡಿತಿದ್ದೆ," ಎಂದರು ಕಾಕಾ. "ಈಗ ಯಾರೂ ಇಲ್ಲ. ಬ್ಯಾಡ."

ಸಾವ್ಕಾರರು ಬಾಟಲಿ ಕೆಳಗಿಟ್ಟರು. ನಮ್ಮ ಸೀಮೆಯಲ್ಲಿ ಒಬ್ಬರು ಬೇಡ ಅಂದದ್ದನ್ನು ಇನ್ನೊಬ್ಬರು ಒಂದೇ ಸಲಕ್ಕೆ ಒಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು.